ಮುನ್ನೂರು ಗಂಟಲು

ಗುಡ್ಡದ ಗಣಿಯ ಅಹವಾಲು ಸಭೆಯಲ್ಲಿ ಡೋಣಿ ಊರಿನ ಮುನ್ನೂರು ಮಂದಿ ಒಂದೇ ಸಲಕ್ಕೆ "ಗಣಿ ಬ್ಯಾಡ" ಅಂದಿದ್ದರು. ವರದಿಯಲ್ಲಿ ಅದು "ಗದ್ದಲ, ಆಕ್ಷೇಪಣೆ ಇಲ್ಲ" ಎಂದಾಯಿತು.

ವರದಿಯ ಜೊತೆಗೆ ಧ್ವನಿಮುದ್ರಣದ ದೃಢೀಕರಣವೂ ಬೇಕಿತ್ತು. ಆ ಕಾಗದ ಹಿಡಿದು ಸಭೆ ನಡೆಸಿದ ಸಾಹೇಬರ ಕಚೇರಿಯ ಗುಮಾಸ್ತ ಹೊಳೆಯಪ್ಪ, ಅವತ್ತು ದನಿ ಹಿಡಿದಿದ್ದ ಶಫೀಕನ ಮುಂಡರಗಿಯ ಮೈಕಿನ ಅಂಗಡಿಗೆ ಬಂದಾಗ, ಡೋಣಿಯ ಫಕ್ಕೀರವ್ವ ಮೊದಲೇ ಬಂದು ಬಾಗಿಲಲ್ಲಿ ಕೂತಿದ್ದಳು.

"ನಮ್ಮ ದನಿ ಕೇಳಸಪಾ," ಅಂದಳು.

ಶಫೀಕ ಅಂಗೈಯಗಲದ ಯಂತ್ರದ ಗುಂಡಿ ಒತ್ತಿದ. ಸಾಹೇಬರ ಸ್ವಾಗತ ಭಾಷಣ ಅಕ್ಷರ ಅಕ್ಷರ ಕೇಳಿತು. ಆಮೇಲೆ ಊರಿನ ದನಿ ಬಂತು, ಗುಳುಗುಳು ಅಂತ.

"ಕೊಡ ಮುಳುಗಿದಂಗ ಆಗಾಕತ್ತೈತಲ್ಲೋ. ನಾ ಗಂಟಲ ಹರಕೊಂಡು ಒದರೀನಿ."

"ಯವ್ವಾ, ಸಣ್ಣ ಫೈಲಿನಾಗ ಇಟ್ರ ಇದು ದನಿ ಇದ್ದಂಗ ಇಟ್ಕೊಳ್ಳೂದಿಲ್ಲ. ಗಂಟಲು ಹೆಂಗ ನಡುಗತು, ಬಾಯಿ ಹೆಂಗ ತೆರೀತು, ಅಷ್ಟ ಗುರುತು ಬರ್ಕೊಂತೈತಿ. ಕೇಳಸುವಾಗ ಆ ಗುರುತಿನ ಮ್ಯಾಲೆ ಹೊಸಾ ದನಿ ಕಟ್ಟತೈತಿ. ಜಾಗಾ ಕಡಿಮಿ ಸಾಕು. ಆದ್ರ ಅದಕ್ಕ ಗೊತ್ತಿರೂದು ಒಂದ ಗಂಟಲು. ಮುನ್ನೂರು ಬಂದ್ರೂ ಒಂದ ಅಂತ ತಿಳದು ಕಲಸಿಬಿಡತೈತಿ."

"ಹಂಗಾರ ಸಾಹೇಬ್ರ ಕಿವೀನ ಇದಕ್ಕೂ ಹಚ್ಯಾರ ಬಿಡು."

ಶಫೀಕ ಹೊಳೆಯಪ್ಪನ ಕಡೆ ತಿರುಗಿದ.

"ದನಿ ಇದ್ದಂಗ ಉಳಿಯೂ ದೊಡ್ಡ ಫೈಲಿನಾಗ ಹಿಡೀತೀನಿ ಅಂದಿದ್ದೆ. ಇಡೀ ದಿನ ಹಿಡೀಬೇಕು, ಸಣ್ಣದರಾಗ ಇಡು ಅಂದಾವ್ರು ನೀವ ಅಲ್ರಿ?" ಎಂದ ಶಫೀಕ.

"ಆಗಿದ್ದು ಆತು. ಯವ್ವಾ, ಈಗ ನೀ ಒಬ್ಬಾಕಿನ ಹೆಸರು ಹೇಳಿ ಮಾತಾಡು, ಸೇರಸ್ತೀವಿ," ಅಂದ ಹೊಳೆಯಪ್ಪ.

ಫಕ್ಕೀರವ್ವ ಸೆರಗು ಬಾಯಿಗಿಟ್ಟುಕೊಂಡಳು. ಇದಕ್ಕೂ ಹಿಂದಿನ ಸಭೆಯಲ್ಲಿ ಹೆಸರು ಹೇಳಿ ಎದ್ದುನಿಂತ ಊರಿನ ಬುಡ್ಡೇಸಾಬನ ಟಂಟಂ ಗಾಡಿ ಮರುದಿನವೇ ಪೊಲೀಸ್ ಠಾಣೆ ಸೇರಿತ್ತು. ಇನ್ನೂ ಅಲ್ಲೇ ತುಕ್ಕು ಹಿಡಿಯುತ್ತಿತ್ತು. ಒಬ್ಬರ ಹೆಸರೂ ಬೇಡ, ಕೂಡಿಯೇ ಅನ್ನೋಣ ಎಂದು ಊರು ತೀರ್ಮಾನಿಸಿದ್ದು ಅದಕ್ಕೇ. ಶಫೀಕನಿಗೂ ಅದು ಗೊತ್ತಿತ್ತು.

"ನೀನರ ಸಹಿ ಹಾಕು ಮಾರಾಯ." ಹೊಳೆಯಪ್ಪ ಕಾಗದ ಚಾಚಿದ. 'ಧ್ವನಿಮುದ್ರಣ ಸ್ಪಷ್ಟವಾಗಿದ್ದು, ಜನರ ಗದ್ದಲದ ಹೊರತು ಆಕ್ಷೇಪಣೆಯ ಮಾತಿಲ್ಲ' ಎಂದಿತ್ತು. "ಮುಂದಿನ ಸಭಾಕ್ಕೂ ನಿನ್ನ ಮೈಕ ಬರಬೇಕಂದ್ರ ಜಲ್ದಿ ಹಾಕು."

ಶಫೀಕ ಪೆನ್ನು ಮುಟ್ಟಲಿಲ್ಲ. ಯಂತ್ರವನ್ನು ಅದೇ ಸಣ್ಣ ಫೈಲಿನಲ್ಲಿಟ್ಟು, ಬಾಯಿ ಹತ್ತಿರ ತಂದು, ಕೆಂಪು ಗುಂಡಿ ಒತ್ತಿದ.

"ನನ್ನ ಹೆಸರು ಶಫೀಕ. ಊರು ಮುಂಡರಗಿ. ಅವತ್ತ ಮೈಕಿನ ಹಿಂದ ನಿಂತು ನಾನೂ ಗಣಿ ಬ್ಯಾಡ ಅಂದೀನಿ. ಸಹಿ ಹಾಕೂದಿಲ್ಲ."

ನಿಲ್ಲಿಸಿ, ಹೊಳೆಯಪ್ಪನಿಗೆ ತಿರುಗಿ ಕೇಳಿಸಿದ. ಒಂದೇ ಗಂಟಲು. ಒಂದಕ್ಷರವೂ ಕಲಸಿರಲಿಲ್ಲ.