ಟವಲಿನ ಕೆಳಗಿನ ಬೆಲೆ

ಸಿರಾ ಸಂತೆಯಲ್ಲಿ ಮೂರನೆಯ ವ್ಯಾಪಾರಿಯೂ ಟವಲಿನ ಕೆಳಗಿಂದ ಕೈ ಎಳೆದುಕೊಂಡು, ತಲೆ ಕೊಡವಿ ಹೊರಟಾಗ ಕೆಂಪಕ್ಕನಿಗೆ ಅನುಮಾನ ಬಂತು. ಕುರಿಗಳಲ್ಲೇನೂ ಐಬಿರಲಿಲ್ಲ, ಹದಿನಾಲ್ಕೂ ಮೈತುಂಬಿಕೊಂಡು ನಿಂತಿದ್ದವು. ವ್ಯಾಪಾರಕ್ಕೆ ಕೂತವನು ತೀರಿಕೊಂಡ ಗಂಡನ ಅಣ್ಣ, ಬೋರಣ್ಣ. ಟವಲು ಮುಚ್ಚಿ ಬೆರಳು ಹಿಡಿದು ಕುರಿಯ ಬೆಲೆ ಕಟ್ಟುವುದು ಗಂಡಸರ ಕೆಲಸ. ಒಳಗೆ ಎಷ್ಟಕ್ಕೆ ಮಾತಾಯಿತೆಂದು ಆ ಇಬ್ಬರಿಗಲ್ಲದೆ ಮೂರನೆಯವರಿಗೆ ತಿಳಿಯುವುದಿಲ್ಲ. ಕೆಂಪಕ್ಕ ಕೇಳುವ ಹಾಗೂ ಇರಲಿಲ್ಲ.

"ರೇಟು ಗಿಟ್ತಿಲ್ಲ ಕಣಮ್ಮಿ," ಎಂದ ಬೋರಣ್ಣ, ಬೀಡಿ ಹಚ್ಚುತ್ತಾ. "ಹೊಡ್ಕಂಡು ಹಟ್ಟಿಗೆ ನಡಿ. ದೇವ್ರೇ ಬ್ಯಾಡ ಅಂತಾವ್ನೆ ಅನ್ಕೋ."

ಮಗಳು ಈರಕ್ಕನ ಮುಖ ಸಣ್ಣದಾಯಿತು. ತುಮಕೂರಿನಲ್ಲಿ ಎರಡು ವರ್ಷದ ಕಂಪ್ಯೂಟರ್ ಕೋರ್ಸು, ಎಂಬತ್ತೇಳನೇ ಇಸವಿಯಲ್ಲಿ ಹೊಸದಾಗಿ ಶುರುವಾದದ್ದು. ಫೀಸು ಮೂರು ಸಾವಿರ. ಸಂಜೆ ಐದರೊಳಗೆ ಕಟ್ಟದಿದ್ದರೆ ಸೀಟು ಬೇರೆಯವರಿಗೆ. ಈ ಕುರಿಗಳು ಅವಳವೇ, ಅವಳು ಹುಟ್ಟಿದಾಗ ಸೋದರಮಾವ ಮಡಿಲಿಗೆ ಬಿಟ್ಟ ಒಂದು ಹೆಣ್ಣುಮರಿಯ ಸಂತಾನ. ಮದುವೆಯಾದರೆ ಅವಳ ಜೊತೆ ಗಂಡನ ಹಟ್ಟಿಗೆ ಹೋಗತಕ್ಕವು. ಓದಿಗೆ ಮಾರುವ ಮಾತು ಆ ಹಟ್ಟಿಯಲ್ಲಿ ಯಾರೂ ಕೇಳಿರಲಿಲ್ಲ.

"ಕುರಿ ವರ್ಷ ವರ್ಷ ಮರಿ ಹಾಕ್ತದೆ. ಆ ಕಂಪ್ಯೂಟ್ರು ಏನಮ್ಮಿ ಹಾಕ್ತದೆ?" ಬೋರಣ್ಣ ಈರಕ್ಕನನ್ನು ಕೇಳಿದ. "ಸಿರಾದಾಗೈತಾ? ಮಧುಗಿರೀಲೈತಾ? ಪಾವಗಡದಾಗೆ ಯಾವನಾದ್ರೂ ಕಂಡವ್ನಾ?"

"ಹಾಕಿದ್ ಮರಿ ಹಿಂದೆ ನಡೆಯಾಕೆ ಕಾಲು ಬೇಕಲ್ಲ ದೊಡ್ಡಪ್ಪ. ಬೆಳಿಗ್ಗೆ ಅವ್ವನ ಕಾಲು, ಸಂಜೆ ನನ್ ಕಾಲು," ಎಂದಳು ಈರಕ್ಕ.

ಕಂಪ್ಯೂಟರ್ ಎಂದರೇನೆಂದು ಕೆಂಪಕ್ಕನಿಗೂ ತಿಳಿಯದು. ಮಗಳು ಎರಡು ಸಲ ಬಿಡಿಸಿ ಹೇಳಿದ್ದಳು, ಎರಡು ಸಲವೂ ಇವಳು ಹೂಂ ಹೂಂ ಎಂದು ತಲೆಯಾಡಿಸಿದ್ದಳು. ಓದು ಮುಗಿದ ಮೇಲೆ ಕೆಲಸ ಸಿಗದಿದ್ದರೆ ಎಂಬ ಭಯವೂ ಇದ್ದೇ ಇತ್ತು. ಆದರೆ ಈಗ ಅದಕ್ಕಿಂತ ದೊಡ್ಡದಾಗಿ ಸಿಟ್ಟು ಎದ್ದಿತ್ತು. ನಾಲ್ಕನೆಯವರಾಗಿ ಗಫಾರ್ ಸಾಬರು ಬಂದು, ಕುರಿಗಳ ಬೆನ್ನು ಹಿಚುಕಿ ನೋಡಿ, ಬೋರಣ್ಣನ ಟವಲಿನೊಳಗೆ ಕೈ ಇಟ್ಟರು. ಇಟ್ಟ ಗಳಿಗೆಯಲ್ಲೇ ಅವರ ಹುಬ್ಬು ಮೇಲೇರಿತು. ಕೆಂಪಕ್ಕ ಎರಡು ಹೆಜ್ಜೆ ಮುಂದೆ ಬಂದವಳೇ ಟವಲನ್ನು ಕಿತ್ತುಕೊಂಡಳು.

"ಎಷ್ಟು ಕೇಳ್ತಾವ್ನೆ ಸಾಬ್ರೆ? ಬಾಯಲ್ಲೇ ಹೇಳಿ. ಕುರಿ ನಮ್ದು."

"ಅರೆ, ಆರ್ನೂರು ಕಣಮ್ಮ, ಒಂದಕ್ಕೆ! ಯಾರ್ ತಗೊಳ್ತಾರೆ? ನಂದು ಇನ್ನೂರ ಮೂವತ್ತು."

"ಇನ್ನೂರೈವತ್ತು."

"ನಲವತ್ತು. ಖತಂ."

"ಕೊಟ್ಟೆ."

ಗಂಡಸರ ನಡುವೆ ಹೆಂಗಸು ಬಾಯಿಬಿಟ್ಟು ಬೆಲೆ ಕೂಗಿದ್ದಕ್ಕೆ ಅಕ್ಕಪಕ್ಕದವರು ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ. ಯಾರೂ ಕೊಡಲಾಗದ ಬೆಲೆ ಕೇಳಿ ಬೆಳಗಿನಿಂದ ವ್ಯಾಪಾರ ಮುರಿಯುತ್ತಿದ್ದವನು ಗಂಡಸೇ ತಾನೆ? ಕೆಂಪಕ್ಕ ಸಾಬರು ಎಣಿಸಿ ಕೊಟ್ಟ ನೋಟುಗಳನ್ನು ಮಗಳ ಕೈಯಲ್ಲಿಟ್ಟು, "ಓಡು, ಬಸ್ಸು ಹಿಡಿ," ಎಂದಳು. ಈರಕ್ಕ ಓಡಿದಳು.

"ಎಲ್ಡು ವರ್ಷ ಆದ್ಮ್ಯಾಲೆ ಬರಿಗೈಲಿ ಬತ್ತಾಳೆ, ಬರ್ದಿಟ್ಕೋ!" ಬೋರಣ್ಣ ಬೀಡಿ ನೆಲಕ್ಕೆಸೆದು ಕೂಗಿದ. "ಮೂರ್ ಸಾವ್ರ ನೀರಲ್ಲಿ ಹೋಮ ಮಾಡ್ಬುಟ್ಟೆ. ನಿಮ್ ಕುರೀನೇ ಇಲ್ದಿದ್ಮ್ಯಾಲೆ, ನಾಳೆಯಿಂದ ನನ್ ಅರವತ್ ಕುರೀನ ಯಾರು ಹೊಡ್ಕಂಡೋಗೋರು?"

ಮಾತು ಬಾಯಿಂದ ಜಾರಿಬಿಟ್ಟಿತ್ತು. ಗಫಾರ್ ಸಾಬರು ಕೂಡ ತಿರುಗಿ ನೋಡಿದರು. ಮದುವೆಯಾದಾಗಿನಿಂದ ಭಾವನ ಎದುರು ತಲೆಯೆತ್ತದಿದ್ದ ಕೆಂಪಕ್ಕ ಈಗ ಅವನ ಕಣ್ಣನ್ನೇ ನೋಡಿದಳು.

"ಎಲ್ಡು ವರ್ಷದ ಓದು ಗಿಟ್ತದಾ ಇಲ್ವಾ, ಅದನ್ನ ಆಮ್ಯಾಕೆ ನೋಡಾನ ಭಾವ. ಹತ್ತು ವರ್ಷ ನಾನೂ ನನ್ ಮಗ್ಳೂ ನಿನ್ ಕುರಿ ಕಾದೀವಿ. ಅದರ ಕೂಲಿ ಎಷ್ಟು? ಸಂತೆಗೆಲ್ಲ ಕೇಳಂಗೆ ಹೇಳು."