ಫ್ರೆಂಚ್ ಹಡಗಿನ ತಪ್ಪು

“ಇದು ಹಡಗಲ್ಲ ಮಗಾ, ಪಡವಲಕಾಯಿ,” ಎಂದ ಗಣಪ ಆಚಾರಿ.

ಮಾವಿನಕುರ್ವೆಯ ಹೊಳೆದಂಡೆಯಲ್ಲಿ ದೋಣಿ ಕಟ್ಟುವ ಚಪ್ಪರದಡಿ, ಎರಡು ದಿಮ್ಮಿಗಳ ಮೇಲೆ ಮಗಳು ಹೇಮಾ ಕಟ್ಟಿದ ಹಡಗು ಕೂತಿತ್ತು. ನೂರು ವರ್ಷಕ್ಕೂ ಹಿಂದಿನ ಫ್ರೆಂಚ್ ವಿಧ್ವಂಸಕ ನೌಕೆಯ ಮಾದರಿ. ಒಂದು ಮಾರು ಉದ್ದ, ಗೇಣಿಗಿಂತ ಕಡಿಮೆ ಅಗಲ. ನಿವೃತ್ತಿಯಾದ ಮೇಲೆ ಹಳೆಯ ಹಡಗುಗಳ ಹುಚ್ಚು ಹತ್ತಿಸಿಕೊಂಡ ಕುಮಟೆಯ ಕೃಷ್ಣಾನಂದ ಮಾಸ್ತರರು ತಮ್ಮ ಪ್ರದರ್ಶನದ ಕೋಣೆಗೆಂದು ನಕ್ಷೆ ಕೊಟ್ಟು ಮಾಡಿಸಿದ್ದರು. ಒಯ್ಯಲು ವ್ಯಾನು ತಂದು ನಿಂತಿದ್ದರು. ಆದರೆ ಗಣಪ ಬಿಡಬೇಕಲ್ಲ.

ಆ ಮನೆಯ ರೂಢಿಯೇ ಹಾಗೆ. ಕಟ್ಟಿದ್ದು ಏನೇ ಇರಲಿ, ಹೊಳೆಯ ನೀರು ಮುಟ್ಟಿಸದೆ ಕಳಿಸುವಂತಿಲ್ಲ. ನೀರಿಗಿಳಿಸುವ ಮೊದಲು ಹಿರಿಯ ಆಚಾರಿ ಸುತ್ತು ಬಂದು, ಕೆಲಸದಲ್ಲಿ ಒಂದು ತಪ್ಪನ್ನಾದರೂ ಎಲ್ಲರಿಗೂ ಕೇಳುವಂತೆ ಹೇಳಬೇಕು. ತಪ್ಪಿಲ್ಲದ್ದಕ್ಕೆ ಕಣ್ಣು ತಾಗುತ್ತದೆಂದು ನಂಬಿಕೆ. ತಪ್ಪಿಗೆ ಆ ಚಪ್ಪರದಲ್ಲಿ ಎಂದೂ ಬರ ಬಂದಿರಲಿಲ್ಲ. ಹೇಮಾ ಕೈಹಾಕಿದ ಹಲಗೆಯಲ್ಲಂತೂ ಅದನ್ನು ಹುಡುಕಲು ಗಣಪನಿಗೆ ಕನ್ನಡಕವೂ ಬೇಕಾಗುತ್ತಿರಲಿಲ್ಲ. ಇಷ್ಟು ಕಾಲ ಅಪ್ಪನ ಕೈಕೆಳಗೆ ದುಡಿದವಳು ಇದೊಂದನ್ನು ಒಬ್ಬಳೇ ಕಟ್ಟಿದ್ದಳು. ಹೊಗಳುವುದು ಬೇಡ, ಹೇಳುವ ತಪ್ಪು ಚಿಕ್ಕದಾಗಿದ್ದರೆ ಸಾಕು ಎಂದಷ್ಟೇ ಅವಳ ಆಸೆ.

“ಇಷ್ಟು ಸಪೂರ ಎಂತಕ್ಕೆ? ನಮ್ಮ ಅಳಿವೆಯಲ್ಲಿ ಮಗುಚಿ ಹೋತದೆ.”

“ಓಡ್ಬೇಕಲ ಅಪ್ಪಾ. ದೊಡ್ಡ ಹಡಗಿನ ಹತ್ರ ಹೋಗಿ, ಟಾರ್ಪಿಡೊ ಬಿಟ್ಟು ಪರಾರಿ ಆಗೂಕೆ ಮಾಡಿದ್ದು.”

“ಮೂತಿ ಆಮೆ ಬೆನ್ನಿನ ಹಾಂಗೆ ಅದೆ.”

“ತೆರೆ ಹೊಡೆದ್ರೆ ನೀರು ಎರಡೂ ಬದಿಗೆ ಜಾರಿ ಹೋಗೂಕೆ.”

“ಅದರ ಹಿಂದೆ ಕಂಬ ನಿಲ್ಸಿ ಅಟ್ಟ ಕಟ್ಟಿದ್ದು?”

“ಕೆಳಗೆ ನೀರು ಹರೀತಿದ್ರೂ ಮೇಲೆ ಜನ ಕಾಲು ಒದ್ದೆ ಆಗ್ದೇ ಓಡಾಡೂಕೆ. ಚಿಮಣಿ ನಾಲ್ಕು, ಎರಡೆರಡು ಜೋಡಿ. ಎಲ್ಲಾ ನಕ್ಷೆಯಲ್ಲಿದ್ದ ಹಾಂಗೇ ಅದೆ. ಇವೆಲ್ಲ ತಪ್ಪಾದ್ರೆ ಫ್ರೆಂಚರದ್ದು. ನಂದು ಎಂತ, ಅದ ಹೇಳು.”

ಮಾಸ್ತರರು ನಕ್ಕರು. “ಇದು ಗಾಜಿನ ಪೆಟ್ಟಿಗೆಯಲ್ಲಿ ಕೂರೂದು ಗಣಪ. ಬಿಡು ಮಾರಾಯ.”

“ನೀರು ಮುಟ್ಟದ್ದಕ್ಕೆ ನಮ್ಮಲ್ಲಿ ಹಡಗು ಅಂತ ಹೇಳೂದಿಲ್ಲ ಮಾಸ್ತರ್ರೆ.”

ಗಣಪ ಕನ್ನಡಕ ಹಾಕಿಕೊಂಡ. ಹಲಗೆಗಳ ಸಂದಿನ ಮೇಲೆ ಉಗುರು ಎಳೆದ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮೂತಿಯ ನೇರಕ್ಕೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದ. ಎಡಬಲ ಒಂದೇ ಸಮ. ಬಗ್ಗಿ ತಳ ಸವರಿದ. ಮಗಳ ಕೆಲಸದಲ್ಲಿ ಅವನಿಗೆ ತಪ್ಪು ಸಿಗದೆ ಹೋದದ್ದು ಅದೇ ಮೊದಲು. ಹೇಮಾಳಿಗೆ ಹೆಮ್ಮೆಯ ಜೊತೆಗೆ ಹೆದರಿಕೆಯೂ ಆಯಿತು. ತಪ್ಪು ಸಿಗದಿದ್ದರೆ ಅಪ್ಪ ಹಡಗನ್ನು ಕಳಿಸುವುದೇ ಇಲ್ಲವೇನೋ.

ಗಣಪ ಎದ್ದು ಹೋಗಿ ತನ್ನ ಸಣ್ಣ ಉಳಿ ತಂದ. ಯಾರಾದರೂ ಬೇಡ ಎನ್ನುವಷ್ಟರಲ್ಲಿ ಅದನ್ನು ಹಿಂಬದಿಯ ತಳಕ್ಕೆ ಆನಿಸಿ ಅಂಗೈಯಿಂದ ಒಂದು ಪೆಟ್ಟು ಕೊಟ್ಟ. ಎಳ್ಳಿನಷ್ಟು ಚಕ್ಕೆ ಹಾರಿತು.

“ಎಂತ ಮಾಡಿದೆ ಗಣಪ,” ಎಂದರು ಮಾಸ್ತರರು. ಹೇಮಾಳ ಕಣ್ಣು ಸಿಟ್ಟಿನಿಂದ ತುಂಬಿಬಂತು. ತಿಂಗಳುಗಟ್ಟಲೆ ಮಾಡಿದ್ದನ್ನು ಒಂದೇ ಪೆಟ್ಟಿನಲ್ಲಿ ಕೆಡಿಸಿದನಲ್ಲ.

ಗಣಪ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿದ. ಹಡಗಿನ ಒಂದು ತುದಿ ಮಗಳ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, ಮೊಣಕಾಲು ಮುಳುಗುವವರೆಗೆ ಹೊಳೆಗಿಳಿದ. ಆಮೇಲೆ ಗಂಟಲು ಸರಿಮಾಡಿಕೊಂಡು, ಆಚೆ ದಡದವರಿಗೂ ಕೇಳುವಂತೆ ಕೂಗಿ ಹೇಳಿದ:

“ಹಿಂಬದಿ ತಳದಲ್ಲಿ ಉಳಿ ಜಾರಿದ್ದು ಅದೆ. ಈ ಹಡಗಲ್ಲಿ ನನ್ನ ಕೈಕೆಲಸ ಅದೊಂದೇ.”