ಊರಿನ ಜಾಲಕ್ಕೆ ಬಿಡಲೇ?

ಪರದೆಯ ಮೇಲೆ ಮತ್ತೆ ಅದೇ ಪ್ರಶ್ನೆ ಮೂಡಿತು: ‘ಡ್ರಿಲ್ಲರ್ ಫೋನು ಊರಿನ ಜಾಲ ಕೇಳುತ್ತಿದೆ. ಬಿಡಲೇ?’

ಸಿಗ್ನಲ್ ಸಾಹೇಬ ‘ಬೇಡ’ ಒತ್ತಿದ. ಒತ್ತಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಕಿಟಕಿಯಾಚೆ ಗಣಿಯ ಬಾಯಲ್ಲಿ ಪಂಪುಗಳು ಬೊಬ್ಬೆ ಹೊಡೆಯುತ್ತಿದ್ದವು. ಸುರಂಗಕ್ಕೆ ನೀರು ನುಗ್ಗಿತ್ತು. ಪಾಳಿಯವರೆಲ್ಲ ಕೆಸರು ಮೆತ್ತಿಕೊಂಡು ಮೇಲೆ ಬಂದಿದ್ದರು, ಒಬ್ಬನನ್ನು ಬಿಟ್ಟು.

ಗಣಿಗೆ ಅದರದೇ ಫೋನ್ ಜಾಲವಿತ್ತು. ಗೇಟು ದಾಟಿದೊಡನೆ ಎಲ್ಲರ ಫೋನೂ ಊರಿನ ಜಾಲ ಬಿಟ್ಟು ಗಣಿಯ ಜಾಲಕ್ಕೆ ಸೇರಬೇಕು. ಒಳಗಿನಿಂದ ಕರೆ ಹೋಗುವುದು ಪಾಳಿಯ ಮೇಸ್ತ್ರಿಗೆ ಮಾತ್ರ. ಹೊರಗೆ ಮಾತಾಡಬೇಕೆಂದರೆ ಸಾಹೇಬ ಹೂಂ ಅನ್ನಬೇಕು. ಹಾಜರಿಯೂ ಅವನ ಯಂತ್ರದ್ದೇ: ಫೋನು ಒಳಗಿದ್ದರೆ ಆಳು ಒಳಗೆ. ಒಬ್ಬನಿಗೆ ಒಂದೇ ಫೋನು. ಜೇಬಿನಲ್ಲಿ ಎರಡನೆಯದಿದ್ದರೆ ಗೇಟು ತೆರೆಯದು. “ಮುಖ ನೋಡಿ ಮೋಸ ಹೋಗೋರು ನೀವು. ನನ್ನ ಯಂತ್ರ ಹೋಗಲ್ಲ,” ಎಂದು ಅವನು ಮೀಸೆ ತಿರುವುತ್ತಿದ್ದ.

ಡ್ರಿಲ್ಲರ್ ತನ್ನ ತಂಗಿಯ ಬೆನ್ನು ಬಿದ್ದಿದ್ದಾನೆ ಎಂಬುದು ಸಾಹೇಬನ ವಾದ. ತಂಗಿಯೇ ಅವನನ್ನು ಮೆಚ್ಚಿದ್ದಾಳೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅಪ್ಪ ಅಮ್ಮ ಹೋದ ಮೇಲೆ ತಂಗಿಯನ್ನೂ ತಮ್ಮನನ್ನೂ ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದವನು ತಾನು. ಕಲ್ಲು ಕೊರೆಯುವವನೊಬ್ಬ ಹಲ್ಲು ಕಿರಿದು ಅವಳನ್ನು ಕರೆದುಕೊಂಡು ಹೋಗುವುದೆಂದರೇನು? ಡ್ರಿಲ್ಲರ್ ಇವತ್ತಿಗೆ ರಜೆ ಕೇಳಿದ್ದಾನೆಂದು ತಿಳಿದಾಗ ಮ್ಯಾನೇಜರನ ಕಿವಿ ಊದಿ ಅದನ್ನು ತಪ್ಪಿಸಿದವನೂ ಅವನೇ.

ತಮ್ಮನಿಗೆ ಮಾತ್ರ ಈ ಹಗೆ ಹಿಡಿಸುತ್ತಿರಲಿಲ್ಲ. ಅದೇ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನು ಬೆಳಿಗ್ಗೆ ಹೊಸಿಲ ಮೇಲೆ ಕೂತು ಬೂಟಿನ ದಾರದೊಂದಿಗೆ ಗುದ್ದಾಡುತ್ತ, “ದೊಡ್ಡಣ್ಣ, ಸಂಜೆ ನನ್ನ ಮೇಲೆ ಹಾರಾಡ್ತೀಯ. ಆಮೇಲೆ ನೀನೇ ಸರಿಹೋಗ್ತೀಯ,” ಎಂದು ನಕ್ಕಿದ್ದ. ಸಾಹೇಬ ಕನ್ನಡಿಯಿಂದ ಮುಖ ತಿರುಗಿಸಿರಲಿಲ್ಲ.

‘ಬಿಡಲೇ?’

ಬೇಡ. ತಂಗಿಗೇ ಮಾಡುತ್ತಿರಬೇಕು ಕಳ್ಳ. ಅತ್ತು ಕರೆದು ಅವಳ ಮನಸ್ಸು ಇನ್ನಷ್ಟು ಕರಗಿಸಲು. ಇನ್ನೊಂದು ಸಲ ಅಂಗಲಾಚಲಿ, ಆಮೇಲೆ ಬಿಟ್ಟರಾಯಿತು.

ಬಾಗಿಲು ದಡಾರನೆ ತೆರೆದುಕೊಂಡಿತು. ಮೇಸ್ತ್ರಿ. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಸಾಹೇಬ್ರೇ, ನನ್ನ ಫೋನು ನೀರುಪಾಲಾಯ್ತು. ಒಳಗಿರೋದು ಯಾರಂದ್ರೆ...”

“ಗೊತ್ತು. ಯಾರು ಅಂತ ನಂಗೆ ಚೆನ್ನಾಗಿ ಗೊತ್ತು.”

ಮೇಸ್ತ್ರಿ ಅವನನ್ನು ಒಂದು ಥರ ನೋಡಿದ. “ಗೊತ್ತಿದ್ದೂ ಇಷ್ಟು ತಣ್ಣಗೆ ಕೂತಿದೀರಲ್ಲ. ಗಟ್ಟಿ ಗುಂಡಿಗೆ ನಿಮ್ದು.” ಆಮೇಲೆ ದನಿ ತಗ್ಗಿಸಿದ. “ಎಡ ಕವಲಿಗೆ ಓಡಿದನೋ ಬಲಕ್ಕೋ ಯಾರೂ ನೋಡ್ಲಿಲ್ಲ. ಒಂದೇ ಒಂದು ಮಾತು ಸಿಕ್ರೆ ಆ ಕಡೆ ತೂತು ಕೊರೀತೀವಿ. ಫೋನಿಂದ ಏನಾದ್ರೂ ಸುಳಿವಿದೆಯಾ?”

ಪರದೆ ಸಾಹೇಬನ ಕಡೆಗೆ ಮಾತ್ರ ತಿರುಗಿತ್ತು. ಅದರಲ್ಲಿ ಪ್ರಶ್ನೆ ಮಿನುಗುತ್ತಿತ್ತು.

“ಇಲ್ಲ. ಸತ್ತಿದೆ.”

ಮೇಸ್ತ್ರಿಯ ಕಣ್ಣು ತುಂಬಿತು. ಸಾಹೇಬನ ಹೆಗಲನ್ನೊಮ್ಮೆ ಅಮುಕಿದ. “ಹಾಗಾದ್ರೆ ಎಡಕ್ಕೇ ಕೊರೀತೀವಿ. ದೇವರಿಟ್ಟ ಹಾಗಾಗ್ಲಿ,” ಎನ್ನುತ್ತ ಓಡಿದ. ಕಂಡವರ ಮಗನಿಗೆ ಇವನೇಕೆ ಅಳುತ್ತಾನೆ ಎಂದು ಸಾಹೇಬನಿಗೆ ಬೇಸರವಾಯಿತು.

‘ಬಿಡಲೇ?’ ಬೇಡ. ‘ಬಿಡಲೇ?’ ಬೇಡ.

ಮೇಜಿನ ಮೇಲೆ ಅವನ ಸ್ವಂತ ಫೋನು ತೆಪ್ಪಗೆ ಬಿದ್ದಿತ್ತು. ಅವನ ಕೋಣೆ ಗೇಟಿನ ಹೊರಗಿದ್ದುದರಿಂದ ಅದು ಊರಿನ ಜಾಲದ್ದು. ಬೆಳಿಗ್ಗೆಯಿಂದ ಒಬ್ಬರ ಕರೆಯೂ ಬಂದಿರಲಿಲ್ಲ.

ಮುಂದಿನ ಪ್ರಶ್ನೆಗೆ ಅವನ ಬೆರಳು ತಡವರಿಸಿತು. ಎಷ್ಟಾದರೂ ಜೀವ. ಬಿಟ್ಟೇಬಿಡೋಣ ಅನ್ನಿಸಿತು. ಅಷ್ಟರಲ್ಲಿ ಡ್ರಿಲ್ಲರನ ಮುಖ, ಅದರ ಪಕ್ಕದಲ್ಲಿ ನಗುವ ತಂಗಿಯ ಮುಖ ಕಣ್ಣಿಗೆ ಕಟ್ಟಿದವು. ಬೇಡ ಒತ್ತಿದ.

ಆಮೇಲೆ ಪ್ರಶ್ನೆ ಬರಲಿಲ್ಲ. ಕಾದ. ಪರದೆಯ ಮೇಲಿದ್ದ ಹಸಿರು ಚುಕ್ಕಿ ಬೂದಿಬಣ್ಣಕ್ಕೆ ತಿರುಗಿ ಆರಿಹೋಯಿತು. ಸಾಹೇಬನಿಗೆ ಭಯವಾಗಬೇಕಿತ್ತು; ಆದದ್ದು ಸಮಾಧಾನ. ತಂಗಿ ನಾಲ್ಕು ದಿನ ಅತ್ತಾಳು, ಆಮೇಲೆ ಅಣ್ಣನ ಮಾತು ಕೇಳಿಯಾಳು.

ಮತ್ತೆ ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಧೂಳಿಲ್ಲದ ಬೂಟು. ಡ್ರಿಲ್ಲರ್.

ಸಾಹೇಬ ಪರದೆ ನೋಡಿದ, ಅವನನ್ನು ನೋಡಿದ, ಮತ್ತೆ ಪರದೆ ನೋಡಿದ.

ಡ್ರಿಲ್ಲರನನ್ನು ತಳ್ಳಿಕೊಂಡು ತಂಗಿ ಒಳಗೆ ಬಂದಳು. ಏದುಸಿರು ಬಿಡುತ್ತಿದ್ದಳು. “ದೊಡ್ಡಣ್ಣ, ಬೈಯೋದಿದ್ರೆ ಆಮೇಲೆ ಬೈ. ಮದುವೆ ಕಚೇರೀಲಿ ಸಹಿ ಹಾಕ್ತಿದ್ವಿ, ಸುದ್ದಿ ಕೇಳಿ ಓಡಿ ಬಂದ್ವಿ. ಇವರಿಗೆ ರಜೆ ಸಿಗ್ಲಿಲ್ಲ ಅಂತ ಇವರ ಫೋನ್ ಇಟ್ಕೊಂಡು ಚಿಕ್ಕಣ್ಣ ಇಳಿದಿದಾನೆ.”

ಅವಳು ಮೇಜಿನ ಮೇಲಿದ್ದ ಅವನ ಫೋನನ್ನು ಎತ್ತಿ ಅವನ ಕೈಗಿಟ್ಟಳು.

“ಒಳಗೆ ಏನೇ ತೊಂದರೆಯಾದ್ರೂ ಮೊದಲು ದೊಡ್ಡಣ್ಣನಿಗೇ ಫೋನ್ ಮಾಡ್ತೀನಿ ಅಂದಿದ್ದ. ಮಾಡಿದ್ನಾ?”